ಐದು ಗ್ಯಾಲನ್ನಿನ ಗುಂಗು: ಮನೆಬಿಯರಿನ ಮೊದಲ ಸಲಕರಣೆಗಳ ಕುರಿತು ಒಂದು ಟಿಪ್ಪಣಿ

ಮನೆಯಲ್ಲೇ ಬಿಯರ್ ಮಾಡಲು ಹೊರಟ ಹೊಸಬರಿಗೆಂದು ಅಮೆರಿಕದ ಅಂಗಡಿಗಳು ಮಾರುವ ಸಲಕರಣೆಗಳ ಪೆಟ್ಟಿಗೆ ಬಹುಮಟ್ಟಿಗೆ 19 ಲೀಟರ್ ಲೆಕ್ಕದ್ದು. ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಅದು 23 ಲೀಟರ್. ನೋಡಲು ಬೇರೆಬೇರೆಯಾದರೂ ಎರಡೂ ಒಂದೇ ಸಂಖ್ಯೆ: ಐದು ಗ್ಯಾಲನ್. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟಿಷರ ಇಂಪೀರಿಯಲ್ ಗ್ಯಾಲನ್ 4.546 ಲೀಟರ್, ಐದರಿಂದ ಗುಣಿಸಿದರೆ ಕ್ರಮವಾಗಿ 18.9 ಮತ್ತು 22.7 ಬರುತ್ತದೆ. ಪಾಕದ ಪುಸ್ತಕ, ಮಾಲ್ಟ್ ಡಬ್ಬಿ, ಯೀಸ್ಟ್ ಪೊಟ್ಟಣ, ಬಕೆಟ್ಟಿನ ಮೈಮೇಲಿನ ಗೆರೆ ಎಲ್ಲವೂ ಈ ಸಂಖ್ಯೆಯನ್ನೇ ಹಿಡಿದು ಕೂತಿವೆ. ಆ ಸಂಖ್ಯೆ ಎಲ್ಲಿಂದ ಬಂತು, ಮೊದಲ ಸಲ ಕೈ ಹಾಕುವವರು ಅದಕ್ಕೆ ಕಟ್ಟುಬೀಳಬೇಕೇ ಎಂಬುದು ಈ ಟಿಪ್ಪಣಿಯ ವಿಷಯ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಐದು ಗ್ಯಾಲನ್ ಎನ್ನುವುದು ವೈನ್ ಮಾಡುವವರ ಅಭ್ಯಾಸವೂ ಹಳೇ ಸಾಮಾನಿನ ಮಾರುಕಟ್ಟೆಯೂ ಸೇರಿ ಬಿಟ್ಟುಹೋದ ಅಳತೆ. ಅಡುಗೆಮನೆಯ ಒಲೆಗೆ ಅದು ಹೊಂದುವುದಿಲ್ಲ. ಹತ್ತು ಲೀಟರಿನಿಂದ ಶುರುಮಾಡಿದರೆ ಕೊಳ್ಳಬೇಕಾದ ಸಾಮಾನಿನ ಪಟ್ಟಿ ತಾನಾಗಿಯೇ ಮೊಟಕಾಗುತ್ತದೆ. ಉಳಿದ ಹಣ ಎಲ್ಲಿಗೆ ಹೋಗಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಪ್ರತ್ಯೇಕ ಲೈಸೆನ್ಸ್ ಪಡೆದು ನಡೆಯುವ ಉದ್ಯಮ. ಆದ್ದರಿಂದ ಇಲ್ಲಿ ಹೇಳಿರುವುದೆಲ್ಲ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ, ಅಂದರೆ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿರುವ ಕಡೆ, ನೆಲೆಸಿರುವ ಕನ್ನಡಿಗರಿಗೆ ಅನ್ವಯಿಸುತ್ತದೆ. ಅಲ್ಲಿಯೂ ಮಾರುವಂತಿಲ್ಲ ಎಂಬುದು ಬಿಡಿಸಿ ಹೇಳಬೇಕಾದ ಮಾತಲ್ಲ.

ಪೆಟ್ಟಿಗೆಯ ಪೂರ್ವೇತಿಹಾಸ

ಬ್ರಿಟನ್ನಿನಲ್ಲಿ ಮನೆಬಿಯರ್ ಹಳೆಯ ರೂಢಿಯಾದರೂ 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮೇಲಿದ್ದ ತೆರಿಗೆಯನ್ನು ತೆಗೆದು ಬಿಯರ್ ಮೇಲೆ ಹಾಕಿದಾಗ, ಮನೆಯಲ್ಲಿ ಮಾಡುವವರೂ ಲೈಸೆನ್ಸ್ ಪಡೆಯಬೇಕಾಯಿತು. ಆ ಕಟ್ಟುಪಾಡು ಹೋದದ್ದು 1963ರ ಬಜೆಟ್ಟಿನಲ್ಲಿ. ತೆಗೆದವರು ಅಂದಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್. ಅದೇ ವರ್ಷ ಸಿ.ಜೆ.ಜೆ. ಬೆರ್ರಿ ಅವರ ‘ಹೋಮ್ ಬ್ರೂಡ್ ಬಿಯರ್ಸ್ ಅಂಡ್ ಸ್ಟೌಟ್ಸ್’ ಹೊರಬಂತು. ಬೆರ್ರಿ ಅದಕ್ಕೂ ಮುಂಚೆ ಮನೆವೈನ್ ಮಾಡುವವರ ಪತ್ರಿಕೆಯೊಂದನ್ನು ನಡೆಸುತ್ತಿದ್ದವರು. ಈ ವಿವರವನ್ನು ಲಘುವಾಗಿ ಕಾಣಬಾರದು. ಬಿಯರಿಗೆ ಕಾನೂನಿನ ಬಾಗಿಲು ತೆರೆದಾಗ ಅಂಗಡಿಯ ಕಪಾಟಿನಲ್ಲಿ ಸಿದ್ಧವಾಗಿದ್ದದ್ದು ವೈನ್ ಮಾಡುವವರ ಸಾಮಾನು: ಗಾಜಿನ ಬುರುಡೆ, ಏರ್‌ಲಾಕ್, ಸೈಫನ್ ಕೊಳವೆ, ಹೈಡ್ರೋಮೀಟರ್.

ಅಮೆರಿಕದ ಕಥೆಯೂ ಇದೇ ಜಾಡಿನದು. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ದೊಡ್ಡ ಬಿಯರ್ ಕಂಪನಿಗಳೇ ಮಾಲ್ಟ್ ಪಾಕವನ್ನು ಡಬ್ಬಿಗಳಲ್ಲಿ ಮಾರುತ್ತಿದ್ದವು. ಬ್ಲೂ ರಿಬ್ಬನ್ ಎಂಬ ಮಾಲ್ಟ್ ಪಾಕ ಆಗ ಮನೆಮಾತಾಗಿತ್ತು. ಬ್ರೆಡ್ಡಿಗೆ ಎಂದು ಹೆಸರು. ಅಷ್ಟೂ ಬ್ರೆಡ್ಡಿಗೇ ಹೋಗುತ್ತಿತ್ತೆಂದು ನಂಬುವವರು ಆಗಲೂ ಇರಲಿಲ್ಲ. ಜನ ಅದನ್ನು ಪಿಂಗಾಣಿಯ ಭರಣಿಗಳಲ್ಲಿ ಕಲಸಿ ಬಟ್ಟೆ ಮುಚ್ಚಿ ಹುದುಗಿಸುತ್ತಿದ್ದರು. ನಿಷೇಧ ಹೋದ ಮೇಲೆ ಮನೆವೈನಿಗೆ ಅನುಮತಿ ಸಿಕ್ಕಿತು, ಮನೆಬಿಯರಿಗೆ ಸಿಗಲಿಲ್ಲ. ಅದಕ್ಕಾಗಿ 1978ರವರೆಗೆ ಕಾಯಬೇಕಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಎಂದು ಮಿತಿ ಹಾಕಿ ತೆರಿಗೆಯಿಲ್ಲದೆ ಬಿಟ್ಟುಕೊಟ್ಟಿತು. ರಾಜ್ಯಗಳ ಒಪ್ಪಿಗೆ ಬೇರೆಯೇ ಬೇಕಿತ್ತು. ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪ್ಪಿ ಮತ್ತು ಅಲಬಾಮ ಒಪ್ಪಿದ್ದು 2013ರಲ್ಲಿ. 1978ರಲ್ಲೇ ಕೊಲರಾಡೊದ ಬೌಲ್ಡರ್‌ನಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಸಂಗಡಿಗರು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಕಟ್ಟಿದರು. 1984ರಲ್ಲಿ ಬಂದ ಪಪೇಜಿಯನ್ನರ ಪುಸ್ತಕ ಒಂದಿಡೀ ತಲೆಮಾರಿನ ಕೈಪಿಡಿಯಾಯಿತು. ಅದರ ಪಾಕಗಳ ಅಳತೆ ಐದು ಗ್ಯಾಲನ್.

ಆ ಅಳತೆಯ ಪಾತ್ರೆ ಸುಲಭವಾಗಿ ಸಿಗುತ್ತಿತ್ತು. ಕಚೇರಿಗಳ ಕುಡಿಯುವ ನೀರಿನ ಗಾಜಿನ ಬುರುಡೆ ಐದು ಗ್ಯಾಲನ್ನಿನದು. ಅಮೆರಿಕದ ತಂಪುಪಾನೀಯ ಕಂಪನಿಗಳು ಹೋಟೆಲುಗಳಿಗೆ ಪಾನಕ ಕಳಿಸುತ್ತಿದ್ದ ಕಾರ್ನೀಲಿಯಸ್ ಎಂಬ ಸ್ಟೀಲ್ ಕೊಳವೆ-ಡಬ್ಬವೂ ಐದು ಗ್ಯಾಲನ್ನಿನದೇ. ಆ ಕಂಪನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಚೀಲಕ್ಕೆ ಬದಲಾದಾಗ ಹಳೇ ಡಬ್ಬಗಳು ಅಗ್ಗಕ್ಕೆ ಬಿಕರಿಯಾಗಿ ಮನೆಬಿಯರಿನವರ ಪಾಲಾದವು. ಹೀಗೆ ಬಿಯರ್ ಹುದುಗುವ ಪಾತ್ರೆಗೂ ತುಂಬಿಡುವ ಪಾತ್ರೆಗೂ ಅಳತೆ ಒಂದೇ ಆಗಿ ಐದು ಗ್ಯಾಲನ್ ಗಟ್ಟಿಯಾಗಿ ನಿಂತಿತು. ಬಿಯರಿನ ರಸಾಯನದಲ್ಲಿ ಈ ಸಂಖ್ಯೆಗೆ ಯಾವ ಆಧಾರವೂ ಇಲ್ಲ.

ವೈನಿನಿಂದ ಬಂದ ಇನ್ನೊಂದು ಬಳುವಳಿ ಎರಡನೇ ಪಾತ್ರೆ. ಹಳೇ ಕೈಪಿಡಿಗಳು ಮೊದಲ ವಾರದ ಹುದುಗು ಮುಗಿದ ಕೂಡಲೇ ಬಿಯರನ್ನು ಇನ್ನೊಂದು ಬುರುಡೆಗೆ ಬಗ್ಗಿಸಲು ಹೇಳುತ್ತಿದ್ದವು. ತಳದಲ್ಲಿ ಕೂತ ಯೀಸ್ಟ್ ಗಷ್ಟು ಕೊಳೆತು ರುಚಿ ಕೆಡಿಸುತ್ತದೆ ಎಂಬ ಭಯ. ತಿಂಗಳುಗಟ್ಟಲೆ ಮಾಗುವ ವೈನಿಗೆ ಇದು ಸರಿಯಾದ ಮಾತು. ಎರಡು ಮೂರು ವಾರದಲ್ಲಿ ಬಾಟಲಿಗೆ ಹೋಗುವ, ಏಲ್ ಬಗೆಯ ಸಾಧಾರಣ ಬಿಯರಿಗೆ ಅದರಿಂದ ಲಾಭಕ್ಕಿಂತ ನಷ್ಟ ಹೆಚ್ಚು, ಏಕೆಂದರೆ ಪ್ರತಿ ಸಲ ಬಗ್ಗಿಸುವಾಗಲೂ ಗಾಳಿ ಸೇರುತ್ತದೆ, ಕೊಳೆ ಸೇರುವ ಅವಕಾಶವೂ ಹೆಚ್ಚುತ್ತದೆ. ಇತ್ತೀಚಿನ ಕೈಪಿಡಿಗಳು ಈ ಸಲಹೆಯನ್ನು ಕೈಬಿಟ್ಟಿವೆ. ಪೆಟ್ಟಿಗೆಗಳು ಮಾತ್ರ ಅದನ್ನಿನ್ನೂ ಪೂರ್ತಿ ಬಿಟ್ಟಿಲ್ಲ. ‘ಡಿಲಕ್ಸ್’ ಎಂಬ ಹಣೆಪಟ್ಟಿಯ ಪೆಟ್ಟಿಗೆಯಲ್ಲಿ ಹೆಚ್ಚುವರಿಯಾಗಿ ಬರುವುದು ಹಲವು ಬಾರಿ ಈ ಬುರುಡೆಯೇ.

ಒಲೆ ಎಷ್ಟು ತಡೆಯುತ್ತದೆ

ಪ್ರಮಾಣವನ್ನು ಅಡುಗೆಮನೆಯ ಒಲೆ ನಿರ್ಧರಿಸಬೇಕು ಎಂಬುದು ನನ್ನ ವಾದ. ಅದಕ್ಕೆ ಲೆಕ್ಕ ಇಲ್ಲಿದೆ. ಕೊನೆಗೆ 19 ಲೀಟರ್ ಉಳಿಯಬೇಕಾದರೆ, ಆವಿಯಾಗಿ ಹೋಗುವುದನ್ನೂ ತಳದಲ್ಲಿ ಬಿಡುವುದನ್ನೂ ಸೇರಿಸಿ, ಸುಮಾರು 27 ಲೀಟರ್ ವರ್ಟ್ (ಮಾಲ್ಟಿನ ಸಿಹಿನೀರು) ಕುದಿಸಬೇಕು. 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಅದಕ್ಕೆ ಹತ್ತಿರಹತ್ತಿರ 8.5 ಮೆಗಾಜೂಲ್ ಶಾಖ ಬೇಕು. ಒಲೆಯ ಉರಿಯಲ್ಲಿ ಪಾತ್ರೆಗೆ ನಿಜವಾಗಿ ಸೇರುವುದು ಒಂದು ಕಿಲೋವ್ಯಾಟ್ ಎಂದಿಟ್ಟುಕೊಂಡರೆ ಕುದಿ ಬರಲಿಕ್ಕೇ ಎರಡು ಗಂಟೆ ಇಪ್ಪತ್ತು ನಿಮಿಷ. ಅದೂ ಪಾತ್ರೆಯ ಮೈಯಿಂದ ಸೋರುವ ಶಾಖವನ್ನು ಬಿಟ್ಟು ಹಾಕಿದ ಲೆಕ್ಕ. ಆಮೇಲೆ ಒಂದು ಗಂಟೆ ಜೋರಾಗಿ ಕುದಿಸುವುದು ಬೇರೆ. ಅಷ್ಟು ನೀರನ್ನು ಸಣ್ಣ ಒಲೆ ಬಿಸಿಯಾಗಿಯೇನೋ ಇಡುತ್ತದೆ. ಅದು ಸುಮ್ಮನೆ ನಸುಗುದಿಯುತ್ತಾ ಕೂರುತ್ತದೆ, ಮಗುಚಿ ಮಗುಚಿ ಕುದಿಯುವುದಿಲ್ಲ. ಹತ್ತು ಲೀಟರ್ ಬಿಯರಿಗೆ ಹದಿಮೂರು ಲೀಟರಿನ ಆಸುಪಾಸು ಕುದಿಸಿದರೆ ಸಾಕು. ಅದು ಇದೇ ಒಲೆಯ ಮೇಲೆ ಒಂದೂಕಾಲು ಗಂಟೆಯೊಳಗೆ ಕುದಿಗೆ ಬರುತ್ತದೆ. 

ಸ್ಟೀಲಿನ ವಿದ್ಯುತ್ ಯಂತ್ರ ತಂದರೆ ಈ ತೊಂದರೆ ತಪ್ಪುತ್ತದಲ್ಲ ಎನ್ನಬಹುದು. ಬ್ರಿಟನ್ನಿನ 230 ವೋಲ್ಟಿನಲ್ಲಿ ಹೌದು. ಅಮೆರಿಕದ ಸಾಮಾನ್ಯ ಪ್ಲಗ್ 120 ವೋಲ್ಟ್, 15 ಆಂಪಿಯರ್. ಹೆಚ್ಚೆಂದರೆ 1,800 ವ್ಯಾಟ್, ಸತತ ಬಳಕೆಗೆ ಅದಕ್ಕೂ ಕಡಿಮೆ. ಅಲ್ಲಿ ಆ ಯಂತ್ರವೂ ಏದುಸಿರು ಬಿಡುತ್ತದೆ. ಮೊದಲ ವರ್ಷಕ್ಕೆ ಅದು ಬೇಡ.

ಹಾಗಾದರೆ ಕೊಳ್ಳಬೇಕಾದ ಪಾತ್ರೆ ಯಾವುದು? ಹದಿನೈದರಿಂದ ಹದಿನೆಂಟು ಲೀಟರ್ ಹಿಡಿಯುವ ದಪ್ಪ ತಳದ ಸ್ಟೀಲ್ ಪಾತ್ರೆ. ಹಬ್ಬಕ್ಕೆ ಬಿಸಿಬೇಳೆಭಾತ್ ಮಾಡಲು ತಂದ ದೊಡ್ಡ ಪಾತ್ರೆ ಮನೆಯಲ್ಲಿದ್ದರೆ ಅದೇ ಆದೀತು. ಎಣ್ಣೆ ಜಿಡ್ಡನ್ನು ತಿಕ್ಕಿ ತೊಳೆದಿರಬೇಕು, ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಅಲ್ಯೂಮಿನಿಯಂ ಬಳಸಬಾರದೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಒಮ್ಮೆ ಬರೀ ನೀರು ಕುದಿಸಿ ಒಳಮೈಗೆ ಮಸಕು ಆಕ್ಸೈಡ್ ಪದರ ಬರಿಸಿಕೊಂಡು, ಮುಂದೆ ಅದನ್ನು ಉಜ್ಜಿ ತೆಗೆಯದಿದ್ದರೆ ಸರಿ. ಪಾತ್ರೆಯ ಬಾಯಿಗೂ ವರ್ಟಿಗೂ ನಡುವೆ ಸ್ವಲ್ಪ ಜಾಗ ಬೇಕು. ಕುದಿ ಬರುವ ಗಳಿಗೆಯಲ್ಲಿ ವರ್ಟ್ ಹಾಲಿಗಿಂತ ಕೆಟ್ಟದಾಗಿ ಉಕ್ಕುತ್ತದೆ.

ಮಾಲ್ಟ್ ಪಾಕದಿಂದ ಮಾಡುವುದೋ ಕಾಳಿನಿಂದಲೋ ಎಂಬ ಪ್ರಶ್ನೆಯನ್ನು ಸಲಕರಣೆಯ ದೃಷ್ಟಿಯಿಂದಷ್ಟೇ ನೋಡುತ್ತೇನೆ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಸೇರಿಸಿಯೇ ಬರುವ ಪಾಕದ ಡಬ್ಬಿಯಾದರೆ ಕುದಿಸುವ ಅಗತ್ಯವೂ ಇಲ್ಲ, ಬಿಸಿನೀರಿನಲ್ಲಿ ಕದಡಿ ತಣ್ಣೀರು ಬೆರೆಸಿದರಾಯಿತು. ಆಸ್ಟ್ರೇಲಿಯಾದ ಕೂಪರ್ಸ್ ಕಂಪನಿಯ 1.7 ಕಿಲೋ ಡಬ್ಬಿ 23 ಲೀಟರಿಗೆಂದು ಮಾಡಿದ್ದು. ಕಾಳಿನಿಂದ ಮಾಡಲು ಹಿಂದೆ ಜಾಲರಿ ಕೂರಿಸಿದ ಐಸ್‌ಪೆಟ್ಟಿಗೆ, ಎರಡನೇ ಪಾತ್ರೆ, ನಲ್ಲಿಗಳು ಎಂದು ಒಂದು ಸಂಸಾರವೇ ಬೇಕಿತ್ತು. ಆಸ್ಟ್ರೇಲಿಯಾದ ಹವ್ಯಾಸಿಗಳು ಈ ಶತಮಾನದ ಮೊದಲ ದಶಕದಲ್ಲಿ ಅದನ್ನೆಲ್ಲ ಬದಿಗೊತ್ತಿ, ಪಾತ್ರೆಯೊಳಗೆ ದೊಡ್ಡ ನೈಲಾನ್ ಚೀಲ ಇಳಿಬಿಟ್ಟು ಅದರಲ್ಲೇ ಒಡಕಲು ಮಾಲ್ಟ್ ನೆನೆಹಾಕುವ ಪದ್ಧತಿ ತಂದರು. ಹತ್ತು ಲೀಟರಿನ ಸಾಧಾರಣ ಬಿಯರಿಗೆ ಎರಡೂಕಾಲು ಕಿಲೋ ಮಾಲ್ಟ್ ಸಾಕು. 65ರಿಂದ 67 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಚೀಲ ಎತ್ತಿದರೆ ಒದ್ದೆ ಕಾಳು ಐದು ಕಿಲೋದೊಳಗೆ ತೂಗುತ್ತದೆ. ಒಬ್ಬರೇ ಒಂದು ಕೈಯಲ್ಲಿ ಎತ್ತಿ ಹಿಡಿದು ಸೋರಿಸಬಹುದು. 19 ಲೀಟರಿನ ಚೀಲವನ್ನು ಹಾಗೆ ಹಿಡಿದು ನಿಲ್ಲಲು ರಾಟೆ ಬೇಕು, ಇಲ್ಲವೇ ಗಟ್ಟಿ ರಟ್ಟೆ.

ತಣಿಸುವುದರಲ್ಲೂ ಇದೇ ಲಾಭ. ಇಪ್ಪತ್ತು ಲೀಟರನ್ನು ಬೇಗ ತಣಿಸಲು ತಾಮ್ರದ ಸುರುಳಿ ಬೇಕು; ಹತ್ತು ಲೀಟರಾದರೆ ಸಿಂಕಿಗೆ ಮಂಜುಗಡ್ಡೆ ಸುರಿದು ಪಾತ್ರೆಯನ್ನು ಅದರಲ್ಲಿಟ್ಟರೆ ಸಾಕು. ನೀರಿನ ಬರ ಕಂಡ ಆಸ್ಟ್ರೇಲಿಯಾದಲ್ಲಿ ಬಿಸಿ ವರ್ಟನ್ನೇ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಬಾಯ್ತುಂಬ ತುಂಬಿ, ಬಿರಡೆ ಬಿಗಿದು, ರಾತ್ರಿಯಿಡೀ ತಾನಾಗಿಯೇ ತಣಿಯಲು ಬಿಡುವವರೂ ಇದ್ದಾರೆ.

ಹತ್ತು ಲೀಟರಿನ ವಿರುದ್ಧ ಹೇಳಬಹುದಾದ್ದೂ ಇದೆ. ಕೆಲಸ ಅಷ್ಟೇ, ಅರ್ಧ ದಿನ ಹೋಗುತ್ತದೆ, ಸಿಗುವ ಬಿಯರ್ ಅರ್ಧ. ಕಡಿಮೆ ದ್ರವ ಹೊರಗಿನ ಬಿಸಿ-ತಂಪಿಗೆ ಬೇಗ ಬಗ್ಗುತ್ತದೆ. ತಳದಲ್ಲಿ ಬಿಡಬೇಕಾದ ಅರ್ಧ ಲೀಟರ್ ದೊಡ್ಡ ಪಾತ್ರೆಯಲ್ಲಿ ಲೆಕ್ಕಕ್ಕಿಲ್ಲ, ಚಿಕ್ಕದರಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇವನ್ನು ಒಪ್ಪುತ್ತೇನೆ. ಆದರೆ ಕಲಿಯುವವರಿಗೆ ಬೇಕಾದದ್ದು ಹೆಚ್ಚು ಸಲ ಮಾಡಿ ನೋಡುವ ಅವಕಾಶ. ಐವತ್ತು ಬಾಟಲಿ ಖಾಲಿಯಾಗುವವರೆಗೆ ಮುಂದಿನ ಪ್ರಯೋಗಕ್ಕೆ ಕಾಯಬೇಕಾದ ಸ್ಥಿತಿ ಅದಕ್ಕೆ ಅನುಕೂಲವಲ್ಲ. ಕೆಟ್ಟ ಬಿಯರಾದರೆ ಅವು ಖಾಲಿಯಾಗುವುದೂ ಇಲ್ಲ.

ಹುದುಗುವ ಪಾತ್ರೆ ಮತ್ತು ಅದರ ನಲ್ಲಿ

ಕಾರ್ಬಾಯ್ ಎಂದು ಕರೆಯುವ ಗಾಜಿನ ಬುರುಡೆ ನೋಡಲು ಚೆಂದ. ಒಳಗಿನ ಆಟವೆಲ್ಲ ಕಾಣುತ್ತದೆ, ಗೀರು ಬೀಳುವುದಿಲ್ಲ, ಗಾಳಿಯನ್ನು ಒಳಗೆ ಬಿಡುವುದಿಲ್ಲ. ಆದರೆ ತುಂಬಿದ 19 ಲೀಟರಿನ ಬುರುಡೆ ಇಪ್ಪತ್ತೈದು ಕಿಲೋ ಆಸುಪಾಸು ತೂಗುತ್ತದೆ. ಒದ್ದೆ ಕೈಯಿಂದ ಜಾರಿದರೆ ಕತ್ತಿಯಂಥ ಚೂರುಗಳಾಗುತ್ತದೆ. ಬೆಳಕು ಬಿದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ನಾತ ಬರುವುದರಿಂದ ಅದಕ್ಕೆ ಬಟ್ಟೆ ಹೊದಿಸಿ ಇಡಬೇಕು, ಅಂದಮೇಲೆ ಒಳಗಿನ ಆಟ ಕಾಣುವ ಲಾಭವೂ ಹೋಯಿತು. ನನ್ನ ಆಯ್ಕೆ ಆಹಾರಕ್ಕೆ ಯೋಗ್ಯವೆಂದು ಗುರುತಿರುವ, ತಳದಲ್ಲಿ ತ್ರಿಕೋನದೊಳಗೆ 2 ಎಂದು ಅಚ್ಚಾದ, ಬಿಳಿ ಪ್ಲಾಸ್ಟಿಕ್ ಬಕೆಟ್. ಹತ್ತು ಲೀಟರಿಗೆ ಹದಿನೈದು ಲೀಟರ್ ಹಿಡಿಯುವಂಥದ್ದು ಬೇಕು, ಏಕೆಂದರೆ ಮೊದಲೆರಡು ದಿನ ನೊರೆ ಏರುತ್ತದೆ. ಒಳಗೆ ಒರಟು ಸ್ಕ್ರಬ್ಬರ್ ಆಡಿಸಬಾರದು. ಗೀರಿನಲ್ಲಿ ಕೂತ ಸೂಕ್ಷ್ಮಜೀವಿಗೆ ಯಾವ ಮದ್ದೂ ತಲುಪುವುದಿಲ್ಲ. ಗೀರು ಬಿದ್ದ ಬಕೆಟ್ಟನ್ನು ಸ್ನಾನದ ಮನೆಗೆ ಕೊಟ್ಟು ಹೊಸದು ತರುವುದೇ ಅಗ್ಗ.

ಮುಚ್ಚಳದ ಮೇಲೆ ಕೂರುವ, ನೀರು ತುಂಬಿದ ಏರ್‌ಲಾಕ್ ಚಿಲ್ಲರೆ ದುಡ್ಡಿನ ಸಾಮಾನು, ಆದರೆ ಅದಿಲ್ಲದೆ ಬಿಗಿಯಾಗಿ ಮುಚ್ಚಿದ ಪಾತ್ರೆ ಅಪಾಯಕಾರಿ. ಸಾಧಾರಣ ಬಲದ ಒಂದು ಲೀಟರ್ ವರ್ಟ್ ಹುದುಗಿ ಮುಗಿಯುವಷ್ಟರಲ್ಲಿ ಸುಮಾರು 38 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹತ್ತು ಲೀಟರಿಗೆ ಅದು ಕೋಣೆಯ ತಾಪದಲ್ಲಿ ಇನ್ನೂರು ಲೀಟರ್ ಅನಿಲ. ಅಷ್ಟೂ ಆ ಎರಡು ಬೆರಳಗಲದ ನೀರಿನ ಗುಳ್ಳೆಗಳ ಮೂಲಕವೇ ಹೊರಹೋಗಬೇಕು. ಗುಳ್ಳೆ ನಿಂತ ಮಾತ್ರಕ್ಕೆ ಹುದುಗು ಮುಗಿಯಿತೆಂದು ತಿಳಿಯಬಾರದು. ಮುಚ್ಚಳದ ಸಂದಿಯಿಂದ ಅನಿಲ ನುಸುಳುತ್ತಿದ್ದರೂ ಗುಳ್ಳೆ ನಿಲ್ಲುತ್ತದೆ.

ಬಕೆಟ್ಟಿಗೆ ನಲ್ಲಿ ಇರಬೇಕೇ ಬೇಡವೇ ಎಂಬುದು ಸಣ್ಣ ವಿಷಯವೆಂದು ಕಾಣುತ್ತದೆ. ನಾನು ಹಾಗೆ ಭಾವಿಸುವುದಿಲ್ಲ. ಅಂಗಡಿಯ ಒಂದು ಸಾಧಾರಣ ನಲ್ಲಿಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿ: ಹೊರಗಿನ ಮೈ, ಒಳಗೆ ತಿರುಗುವ ಬಿರಡೆ, ಹಿಂದಿನ ಮರೆ (ಸ್ಕ್ರೂ ಸುತ್ತು), ನಟ್, ಒಂದು ರಬ್ಬರ್ ವಾಷರ್. ಬಿರಡೆಗೂ ಮೈಗೂ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿ ಪ್ರತಿ ಸಲ ಹನಿಯಷ್ಟು ಬಿಯರ್ ಉಳಿಯುತ್ತದೆ. ಒಂದೆರಡು ವಾರ ಬಿಟ್ಟು ಬಿರಡೆಯನ್ನು ಒತ್ತಿ ಹೊರತೆಗೆದರೆ ಬೂದು ಬಣ್ಣದ ಲೋಳೆ ಕೈಗೆ ಹತ್ತುತ್ತದೆ. ಬಕೆಟ್ ಎಷ್ಟೇ ಫಳಫಳ ಹೊಳೆದರೂ ಬಾಟಲಿಗೆ ಹೋಗುವ ಪ್ರತಿಯೊಂದು ಹನಿಯೂ ಈ ಲೋಳೆಯನ್ನು ಸವರಿಕೊಂಡೇ ಹೋಗುತ್ತದೆ. ಮೊದಮೊದಲು ಚೆನ್ನಾಗಿ ಬಂದ ಬಿಯರ್ ಮೂರು ನಾಲ್ಕನೆಯ ಸಲಕ್ಕೆ ಹುಳಿ ತಿರುಗಿದರೆ ನಾನು ಮೊದಲು ಅನುಮಾನಿಸುವುದು ನಲ್ಲಿಯನ್ನು. ಅದನ್ನು ಪ್ರತಿ ಸಲ ಪೂರ್ತಿ ಬಿಚ್ಚಿ ತೊಳೆಯುವ ಶಿಸ್ತು ಇದ್ದರೆ ನಲ್ಲಿಯ ಬಕೆಟ್ ತನ್ನಿ. ಇಲ್ಲದಿದ್ದರೆ ಸೈಫನ್ ಕೊಳವೆ ವಾಸಿ; ಹಳತಾದರೆ ಕತ್ತರಿಸಿ ಎಸೆಯಬಹುದು.

ಇಲ್ಲಿಗೆ ಶುಚಿಯ ಮಾತು ಬಂತು. ಪಾಸ್ಚರ್ ಬಿಯರ್ ಕುರಿತ ತಮ್ಮ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದಾಗ, 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದಾಗ ಸ್ಪಷ್ಟವಾದ ವಿಷಯವೇ, ಅಂದರೆ ಬಿಯರ್ ಕೆಡುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂಬುದೇ, ಮನೆಬಿಯರಿನ ಶಿಸ್ತನ್ನೂ ನಿರ್ಧರಿಸುತ್ತದೆ. ಕುದಿಯುವವರೆಗೆ ಮುಟ್ಟುವ ಸಾಮಾನು ಬರೀ ಸ್ವಚ್ಛವಿದ್ದರೆ ಸಾಕು, ಕುದಿಯೇ ಅದನ್ನು ನೋಡಿಕೊಳ್ಳುತ್ತದೆ. ತಣಿದ ಮೇಲೆ ಮುಟ್ಟುವ ಬಕೆಟ್, ಮುಚ್ಚಳ, ಕೊಳವೆ, ಬಾಟಲಿ, ಸೌಟು ಎಲ್ಲವನ್ನೂ ಸೋಂಕುರಹಿತ ಮಾಡಲೇಬೇಕು. ಮೊದಲು ತೊಳೆಯುವುದು, ಆಮೇಲೆ ಮದ್ದು ಹಾಕುವುದು. ಕೊಳೆಯ ಮೇಲೆ ಮದ್ದು ನಾಟುವುದಿಲ್ಲ. ಅಡುಗೆಮನೆಯ ಬ್ಲೀಚ್ ಅಗ್ಗವಾದರೂ ಬೇಡ. ಚೆನ್ನಾಗಿ ತೊಳೆಯದಿದ್ದರೆ ಕ್ಲೋರಿನ್ ಬಿಯರಿನ ಫೀನಾಲ್‌ಗಳೊಂದಿಗೆ ಸೇರಿ ಆಸ್ಪತ್ರೆಯ ವಾಸನೆ ಕೊಡುತ್ತದೆ. ತೊಳೆದರೆ ಆ ನಲ್ಲಿನೀರಿನಿಂದಲೇ ಮತ್ತೆ ಸೋಂಕು. ಫಾಸ್ಫಾರಿಕ್ ಆಮ್ಲದ ಆಧಾರದ ಸ್ಟಾರ್ ಸ್ಯಾನ್‌ನಂಥ ದ್ರಾವಣವನ್ನು ಲೀಟರಿಗೆ ಒಂದೂವರೆ ಮಿಲಿಲೀಟರ್ ಬೆರೆಸಿದರೆ ತೊಳೆಯುವ ಗೊಡವೆಯಿಲ್ಲ. ಅದರ ನೊರೆ ಬಕೆಟ್ಟಿನಲ್ಲಿ ಉಳಿದರೂ ತೊಂದರೆಯಿಲ್ಲ, ನೋಡಿದವರಿಗೆ ಮಾತ್ರ ಜೀವ ಧಸಕ್ಕೆನ್ನುತ್ತದೆ.

ಅಳೆಯುವ ಮೂರು ಸಾಮಾನು

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಲ್ಲದ ಪೆಟ್ಟಿಗೆಯನ್ನು ಕೊಳ್ಳಬೇಡಿ. ಬಿಯರ್ ತಯಾರಿಕೆಗೆ ಈ ಉಪಕರಣವನ್ನು ವ್ಯವಸ್ಥಿತವಾಗಿ ತಂದವರು ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್. ಅವರ ಪುಸ್ತಕ 1784ರದು. ಅಲ್ಲಿಯವರೆಗೆ ಕಂದು ಮಾಲ್ಟ್ ಅಗ್ಗವೆಂದು ನಂಬಿ ಪೋರ್ಟರ್ ಎಂಬ ಕಪ್ಪು ಬಿಯರ್ ಮಾಡುತ್ತಿದ್ದವರಿಗೆ, ಗಾಜಿನ ಈ ಕಡ್ಡಿ ಬೇರೆಯೇ ಲೆಕ್ಕ ತೋರಿಸಿತು. ದುಬಾರಿಯಾದರೂ ತಿಳಿ ಬಣ್ಣದ ಮಾಲ್ಟ್ ಕೊಡುವ ಸಕ್ಕರೆಯ ಅಂಶ ಎಷ್ಟೋ ಹೆಚ್ಚು. ಪೋರ್ಟರಿನ ಕಾಳಿನ ಮಿಶ್ರಣವೇ ಬದಲಾಯಿತು. ಒಂದು ಉದ್ಯಮದ ರುಚಿಯನ್ನೇ ತಿರುಗಿಸಿದ ಸಾಮಾನು ಇಂದು ಪೆಟ್ಟಿಗೆಯ ಅತಿ ಅಗ್ಗದ ವಸ್ತುಗಳಲ್ಲೊಂದು.

ಬಳಕೆ ಹೀಗೆ. ವರ್ಟ್ ತುಂಬಿದ ಕಿರಿದಾದ ಜಾಡಿಯಲ್ಲಿ ಅದನ್ನು ಇಳಿಬಿಟ್ಟು, ಮೈಗಂಟಿದ ಗುಳ್ಳೆ ಬಿಡುವಂತೆ ಒಮ್ಮೆ ತಿರುಗಿಸಿ, ದ್ರವದ ಮೇಲ್ಮೈ ಗಾಜಿನ ಪಕ್ಕದಲ್ಲಿ ಮೇಲೇರಿರುವ ಅಂಚನ್ನು ಬಿಟ್ಟು ಕೆಳಗಿನ ಸಮಮಟ್ಟದಲ್ಲಿ ಓದಬೇಕು. ಶುರುವಿಗೆ 1.048, ಕೊನೆಗೆ 1.011 ಬಂದರೆ ವ್ಯತ್ಯಾಸವನ್ನು 131ರಿಂದ ಗುಣಿಸಿದಾಗ ಶೇ. 4.8ರಷ್ಟು ಮದ್ಯಸಾರ. ಹೆಚ್ಚಿನ ಹೈಡ್ರೋಮೀಟರುಗಳು 20 ಡಿಗ್ರಿಗೆ ಅಳತೆ ಕಟ್ಟಿದವು, ಕೆಲವು ಹಳೆಯವು 60 ಫ್ಯಾರನ್‌ಹೀಟಿಗೆ. 30 ಡಿಗ್ರಿಯ ದ್ರವದಲ್ಲಿ ಓದಿದರೆ ಮೊದಲನೆಯದು 0.002ರಿಂದ 0.003ರಷ್ಟು ಕಡಿಮೆ ತೋರಿಸುತ್ತದೆ. ಎರಡು ಹನಿಯಲ್ಲಿ ಕೆಲಸ ಮುಗಿಸುವ ರಿಫ್ರ್ಯಾಕ್ಟೋಮೀಟರ್ ಚಿಕ್ಕ ಪ್ರಮಾಣಕ್ಕೆ ಒಳ್ಳೆಯದೆನ್ನಿಸಬಹುದು, ಆದರೆ ಮದ್ಯಸಾರ ಸೇರಿದ ಕೂಡಲೇ ಅದರ ಓದು ಜಾರುತ್ತದೆ, ತಿದ್ದುಪಡಿಯ ಸೂತ್ರ ಬೇಕಾಗುತ್ತದೆ.

ಇದು ಮದ್ಯಸಾರದ ಕುತೂಹಲಕ್ಕಷ್ಟೇ ಇರುವ ಸಾಮಾನಲ್ಲ, ಪ್ರಾಣರಕ್ಷಣೆಯದ್ದೂ ಹೌದು. ಬಾಟಲಿಯೊಳಗೆ ನೊರೆ ಬರಲು ಲೀಟರಿಗೆ ಆರು ಗ್ರಾಂ ಚಿಲ್ಲರೆ ಸಕ್ಕರೆ ಸೇರಿಸುತ್ತೇವೆ. ಮೊದಲೇ ಕರಗಿರುವುದೂ ಸೇರಿ ಲೀಟರಿಗೆ ಐದು ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಸಾಧಾರಣ ಬಿಯರಿನ ಮಟ್ಟ ಅದು. ಹುದುಗಿನಲ್ಲಿ 0.001ರ ಇಳಿತ ಲೀಟರಿಗೆ ಹೆಚ್ಚೂಕಡಿಮೆ ಒಂದು ಗ್ರಾಂ ಅನಿಲಕ್ಕೆ ಸಮ. ಇನ್ನೂ 0.004 ಇಳಿಯಬೇಕಿರುವಾಗಲೇ ಅವಸರದಿಂದ ಬಾಟಲಿಗೆ ತುಂಬಿದರೆ ಐದಿದ್ದದ್ದು ಒಂಬತ್ತಾಗುತ್ತದೆ. ಬಿಯರಿನ ತೆಳು ಗಾಜು ಅದಕ್ಕಾಗಿ ಮಾಡಿದ್ದಲ್ಲ. ಎರಡು ಮೂರು ದಿನದ ಅಂತರದಲ್ಲಿ ಎರಡು ಬಾರಿ ಓದಿ, ಎರಡೂ ಒಂದೇ ಬಂದರೆ ಮಾತ್ರ ತುಂಬಬೇಕು. ಆ ಸಕ್ಕರೆಯನ್ನು ಚಮಚದಲ್ಲಿ ಅಂದಾಜಿಸದೆ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಬೇಕು ಎಂಬುದೂ ಇದರಿಂದಲೇ ಬರುತ್ತದೆ.

ಮೂರನೆಯದು ಥರ್ಮಾಮೀಟರ್. ತಂದ ದಿನವೇ ಪರೀಕ್ಷಿಸಿ: ಕರಗುತ್ತಿರುವ ಮಂಜಿನ ನೀರಿನಲ್ಲಿ ಸೊನ್ನೆ, ಕುದಿಯುವ ನೀರಿನಲ್ಲಿ ನೂರು. ಎರಡನೆಯದಕ್ಕೆ ಊರಿನ ಎತ್ತರ ಗೊತ್ತಿರಬೇಕು. ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಗೆ, ಬೌಲ್ಡರ್ ಅಥವಾ ಡೆನ್ವರ್‌ನಲ್ಲಿ 95ರ ಆಸುಪಾಸಿಗೆ. ಅಲ್ಲಿ ನೂರು ತೋರಿಸುವ ಥರ್ಮಾಮೀಟರೇ ಸುಳ್ಳು ಹೇಳುತ್ತಿದೆ.

ತಂಪು ಮೂಲೆ

ಸಾಮಾನ್ಯ ಏಲ್ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಹುದುಗು ಜೋರಾದಾಗ ಬಿಯರ್ ತಾನೇ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಮೇಲೇರುವುದರಿಂದ 22 ಡಿಗ್ರಿಯ ಕೋಣೆಯಲ್ಲಿಟ್ಟ ಬಕೆಟ್ಟಿನೊಳಗೆ 25 ಆಗಿರುತ್ತದೆ. ಆಗ ಥಿನ್ನರ್ ವಾಸನೆಯೂ ತಲೆನೋವು ತರುವಂಥ ಭಾರವಾದ ಮದ್ಯಸಾರಗಳೂ ಹುಟ್ಟುತ್ತವೆ. ಮಂಗಳೂರಿನ ಮೇ ತಿಂಗಳ ಇಡ್ಲಿಹಿಟ್ಟನ್ನೂ ಬೆಂಗಳೂರಿನ ಡಿಸೆಂಬರಿನ ಇಡ್ಲಿಹಿಟ್ಟನ್ನೂ ಕಂಡವರಿಗೆ ತಾಪ ಏನು ಮಾಡಬಲ್ಲದೆಂದು ವಿವರಿಸುವ ಅಗತ್ಯವಿಲ್ಲ. ಅಗ್ಗದ ಉಪಾಯವೆಂದರೆ ಬಕೆಟ್ಟನ್ನು ಅಗಲವಾದ ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ನೀರಿಗೆ ಬೆಳಗ್ಗೆ ಸಂಜೆ ಮಂಜುಗಟ್ಟಿಸಿದ ಬಾಟಲಿ ಹಾಕುವುದು. ಹತ್ತು ಲೀಟರಿನ ಬಕೆಟ್ಟಿಗೆ ಇದು ಸಾಕು.

ಟೆಕ್ಸಾಸ್, ಅರಿಜೋನಾದಂಥ ಸೆಕೆಯ ಊರಿನವರಿಗೆ ಇನ್ನೊಂದು ದಾರಿ ಇದೆ, ಅದು ಬಂದಿರುವುದು ಚಳಿಯ ನಾರ್ವೆಯಿಂದ. ಅಲ್ಲಿನ ಪಶ್ಚಿಮದ ಹಳ್ಳಿಗಳ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟ್ 30ರಿಂದ 40 ಡಿಗ್ರಿಯಲ್ಲೂ ಶುದ್ಧ ರುಚಿ ಕೊಟ್ಟು ಬೇಗ ಕೆಲಸ ಮುಗಿಸುತ್ತದೆ. ಕೊಂಡಿ ಕೊಂಡಿಯಾಗಿ ಕೆತ್ತಿದ ಮರದ ಬಳೆಯನ್ನು ಯೀಸ್ಟಿನಲ್ಲಿ ಅದ್ದಿ ಒಣಗಿಸಿ ಮುಂದಿನ ಸಲಕ್ಕೆ ತೂಗುಹಾಕುವುದು ಅವರ ರೂಢಿ. ಸೋಸಲು ಜಾಲರಿಯ ಬದಲು ತೊಟ್ಟಿಯ ತಳಕ್ಕೆ ಜೂನಿಪರ್ ಕೊಂಬೆ. ಇದನ್ನೆಲ್ಲ ಹಳ್ಳಿ ಹಳ್ಳಿ ತಿರುಗಿ ದಾಖಲಿಸಿದವರು ಲಾರ್ಸ್ ಮಾರಿಯುಸ್ ಗಾರ್‌ಶೋಲ್. ಅವರ ಪುಸ್ತಕ 2020ರಲ್ಲಿ ಬಂತು. ವೋಸ್ ಊರಿನ ತಳಿ ಈಗ ಒಣ ಪೊಟ್ಟಣದಲ್ಲೇ ಸಿಗುತ್ತದೆ. ಯೀಸ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ: ಪಾಕದ ಡಬ್ಬಿಯ ಮುಚ್ಚಳದಡಿ ಬರುವ ಐದಾರು ಗ್ರಾಂ ಪೊಟ್ಟಣ ಎಷ್ಟು ದಿನದಿಂದ ಯಾವ ಗೋದಾಮಿನ ಬಿಸಿಯಲ್ಲಿತ್ತೋ ತಿಳಿಯದು. 11.5 ಗ್ರಾಂನ ಹೊಸ ಪೊಟ್ಟಣ ತನ್ನಿ, ಅರ್ಧ ಬಳಸಿ.

ಬಾಟಲಿಗಳಿಗೆ ಹಣ ಕೊಡಬೇಕಾಗಿಲ್ಲ. ಹತ್ತು ಲೀಟರಿಗೆ 330 ಮಿಲಿಲೀಟರಿನ ಇಪ್ಪತ್ತೆಂಟರಿಂದ ಮೂವತ್ತು ಬೇಕು. ಕುಡಿದಿಟ್ಟ ಕಂದು ಬಾಟಲಿಗಳನ್ನೇ ತೊಳೆದು ಬಳಸಬಹುದು. ತಿರುಪು ಮುಚ್ಚಳದವಕ್ಕೆ ಕ್ರೌನ್ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಅವು ಬೇಡ. ಒಂದೆರಡನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಡುವುದು ಜಾಣತನ. ಹಿಸುಕಿ ನೋಡಿದರೆ ಒಳಗೆ ಎಷ್ಟು ಒತ್ತಡ ಕಟ್ಟಿದೆ ಎಂಬುದು ಕೈಗೇ ತಿಳಿಯುತ್ತದೆ. ಅದು ಕಲ್ಲಿನಂತಾದರೆ ಉಳಿದವನ್ನು ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಮುಚ್ಚಳ ಒತ್ತುವ ಎರಡು ಹಿಡಿಯ ಇಕ್ಕಳ ಈ ಪ್ರಮಾಣಕ್ಕೆ ಸಾಕು.

ಕೆಲವು ಸಲ ಮಾಡಿ ರುಚಿ ಹತ್ತಿದ ಮೇಲೆ ಕೈ ಮತ್ತೆ ಜೇಬಿಗೆ ಹೋಗುತ್ತದೆ. ಆಗ ಬಹುಪಾಲು ಜನ ದೊಡ್ಡ ಕೆಟಲ್ ಕೊಳ್ಳುತ್ತಾರೆ. ನನ್ನ ಸಲಹೆ ಬೇರೆ: ಯಾರೋ ಮಾರಲಿಟ್ಟ ಹಳೇ ಚಿಕ್ಕ ಫ್ರಿಜ್ ಒಂದು, ಅದರ ಪ್ಲಗ್ಗಿಗೆ ಸಿಕ್ಕಿಸುವ ತಾಪನಿಯಂತ್ರಕ ಒಂದು. ನಿಯಂತ್ರಕದ ತಂತಿಯ ತುದಿಯನ್ನು ಗಾಳಿಯಲ್ಲಿ ನೇತುಬಿಡದೆ ಬಕೆಟ್ಟಿನ ಮೈಗೆ ಟೇಪಿನಲ್ಲಿ ಅಂಟಿಸಿ, ಮೇಲೆ ಒಂದು ತುಂಡು ಸ್ಪಂಜ್ ಒತ್ತಿ. ಆಗ ಅದು ಅಳೆಯುವುದು ಫ್ರಿಜ್ಜಿನ ಗಾಳಿಯನ್ನಲ್ಲ, ಬಿಯರನ್ನು.